ಯಾವ ಸಾರಿ?

ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ನಾನಿದ್ದ ಮನೆಯ ಕೆಳ ಅಂತಸ್ತಿನಲ್ಲಿ ಪೆರು ದೇಶದ ಮಾಸ್ತರೊಬ್ಬರಿದ್ದರು. ಹೊಸದಾಗಿ ಬಂದ ಸ್ಪ್ಯಾನಿಷ್ ಮಾತಿನವರಿಗೆ ತಮ್ಮ ಅಡುಗೆಮನೆಯಲ್ಲೇ ಇಂಗ್ಲಿಷ್ ಕಲಿಸುತ್ತಿದ್ದರು. ಯಾರಾದರೂ ‘ಸಾರಿ’ ಅಂದರೆ ಸಾಕು, ಕನ್ನಡಕವನ್ನು ಹಣೆಗೇರಿಸಿ “ಯಾವ ಸಾರಿ?” ಎಂದು ಕೇಳುವರು. ದಾರಿ ಬಿಡಿ ಎನ್ನಲು, ತಪ್ಪಾಯಿತು ಎನ್ನಲು, ನೊಂದವರಿಗೆ ಹೇಳಲು ಅವರ ಭಾಷೆಯಲ್ಲಿ ಬೇರೆ ಬೇರೆ ಮಾತುಗಳಿವೆಯಂತೆ. ಬಾಗಿಲ ಬಳಿ ಅವರ ಸೈಕಲ್ಲಿಗೆ ತಾಗಿ ನಾನು ಸಾರಿ ಅಂದಾಗಲೂ ಅದೇ ಪ್ರಶ್ನೆ. “ಎಲ್ಲಕ್ಕೂ ಅದೊಂದೇ ಸರ್, ಬಿಡಿ” ಎಂದು ರೇಗಿದ್ದೆ. ಅವರು ನಕ್ಕು, ಎಂದಿನಂತೆ ಇಡೀ ಮನೆಗೆ ಕೇಳುವ ಹಾಗೆ “ಮತ್ತೆ ಸಿಗೋಣ!” ಎಂದು ಕೂಗಿ ಒಳಗೆ ಹೋದರು.

ಧಾರವಾಡದಲ್ಲಿ ಅಣ್ಣ ತೀರಿಕೊಂಡ ದಿನ ಕಾಕಾ ಫೋನ್ ಮಾಡಿದರು. “ನೀ ಬರೋತನಕಾ ಕಾಯಾಕ ಆಗಂಗಿಲ್ಲಪಾ. ಇವತ್ತ ಮಣ್ಣು ಮಾಡ್ತೀವಿ. ನೀ ಅಲ್ಲೇ ಇರು.” ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ಎಲ್ಲರೂ ಸಾರಿ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕಾಲು ತುಳಿದವನೂ ಸಾರಿ ಅಂದ.

ಮೆಟ್ಟಿಲ ಬಳಿ ಮಾಸ್ತರು ಸಿಕ್ಕಾಗ ವಿಷಯ ಹೇಳಿದೆ. ಅವರು ಪಾಠಕ್ಕೆ ಬಂದವರನ್ನು ಕಳಿಸಿ, ನನ್ನ ಹಿಂದೆಯೇ ಮೇಲೆ ಬಂದು, ಹೊಸ್ತಿಲಲ್ಲಿ ಶೂ ಬಿಚ್ಚಿ, ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಕಿಟಕಿಯ ಬೆಳಕು ಹೋಗುವವರೆಗೂ ಕೂತೇ ಇದ್ದರು.

ನಮ್ಮ ಕಡೆ ಸಾವಿನ ಮನೆಯಿಂದ ಏಳುವವರು ‘ಬರ್ತೀನಿ’ ಅನ್ನುವುದಿಲ್ಲ. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಎದ್ದು, ನನ್ನ ಭುಜವನ್ನೊಮ್ಮೆ ಒತ್ತಿ, ಶೂಗಳನ್ನು ಕೈಯಲ್ಲೇ ಹಿಡಿದು, ಸದ್ದಿಲ್ಲದೆ ಮೆಟ್ಟಿಲಿಳಿದು ಹೋದರು.