ತಿಳಿಗುಲಾಬಿಗೆ ನಿಲ್ಲದ ಶಶಿರೇಖಕ್ಕ

ನಮ್ಮಕ್ಕ ಶಶಿರೇಖಾ ನಲವತ್ತೊಂದನೇ ವಯಸ್ಸಿಗೆ ಬಿ.ಎಸ್ಸಿ. ಸೇರಿದಳು. ಮೊಳಕಾಲ್ಮೂರಿನಲ್ಲಿ ಸೀರೆ ನೇಯುವವರಿಗೆ ರೇಷ್ಮೆ ಲಡಿಗಳಿಗೆ ಬಣ್ಣ ಹಾಕಿಕೊಡುವುದು ನಮ್ಮಿಬ್ಬರ ಕಸುಬು. ನಾನು ಏಳನೇ ಕ್ಲಾಸಿನಲ್ಲಿ ಮೇಷ್ಟ್ರ ಜೊತೆ ಜಗಳ ಆಡಿ ಸ್ಕೂಲು ಬಿಟ್ಟವನು. ಅವಳು ಪಿಯುಸಿ ಸೈನ್ಸ್ ಪಾಸಾಗಿ ಮದುವೆಯಾದವಳು. ಇಪ್ಪತ್ತು ವರ್ಷ ಹಂಡೆಗೆ ಆಸಿಡ್ ಸುರಿದ ಮೇಲೆ ಒಂದು ದಿನ, ಇದನ್ನು ಹಾಕಿದರೆ ಬಣ್ಣ ಯಾಕೆ ಹತ್ತುತ್ತದೆ ಎಂದು ಬಣ್ಣದ ಅಂಗಡಿಯವನನ್ನು ಕೇಳಿದಳು. "ನಿಮಗ್ಯಾಕಮ್ಮ ಅದೆಲ್ಲ, ಹಾಕ್ರಿ ಸಾಕು" ಅಂದ. ಮರುದಿನವೇ ಹಳೇ ಮಾರ್ಕ್ಸ್ ಕಾರ್ಡ್ ಹಿಡಿದು ಚಳ್ಳಕೆರೆ ಬಸ್ ಹತ್ತಿದಳು.

ಓದಿನಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ಬುಡ್ಡಿಯಲ್ಲಿ ಬಣ್ಣ ಬರಿಸುವ ಒಂದು ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಮಾತ್ರ ಮೂರು ಸಲ ಮಾಡಿ ಮೂರು ಸಲವೂ ಸೊನ್ನೆ ತಂದಳು. ಪರೀಕ್ಷೆ ಸೋಮವಾರ.

"ಇದೊಂದು ಹೋದ್ರೆ ಕಾಲೇಜು ಬಿಟ್ಬಿಡ್ತೀನಿ ಸೂರ. ಮಕ್ಕಳ ವಯಸ್ಸಿನೋರ ಮುಂದೆ ನಂಗೆ ನಾಚ್ಕೆ ಆಗ್ತೈತೆ" ಅಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಇವಳು ಓದಲಿ ಅಂತ ವರ್ಷವಿಡೀ ಎರಡು ಹಂಡೆ ಒಬ್ಬನೇ ತಿರುವಿದ್ದೇನೆ. ಬಿಡುವುದಂತೆ! ಶುಕ್ರವಾರ ಬೆಳಿಗ್ಗೆ ಅವಳ ಜೊತೆಗೇ ಹೋಗಿ ಲ್ಯಾಬಿಗೆ ನುಗ್ಗಿದೆ. ಮೇಷ್ಟ್ರು ಮಹಾಂತೇಶ ಸರ್ ಹುಡುಗರ ನಡುವೆ ನಿಂತಿದ್ದರು.

"ಏನ್ರಿ ಸರ್, ನಮ್ಮಕ್ಕನ ಬಣ್ಣಕ್ಕೆ ಸೊನ್ನೆ ಕೊಡ್ತೀರಂತೆ? ಮೂರು ತಾಲ್ಲೂಕಿನಾಗೆ ಅವ್ಳ ಬಣ್ಣಕ್ಕೆ ಬೆರಳು ಮಾಡಿದೋರಿಲ್ಲ."

"ಕೂತ್ಕೊಳ್ರಿ. ತೋರಿಸ್ತೀನಿ" ಅಂದರು ಅವರು.

ಗಾಜಿನ ಬುಡ್ಡಿಯಲ್ಲಿ ನೀರಿನಂಥ ಆಸಿಡ್, ಅದಕ್ಕೆ ಬಣ್ಣ ತೋರಿಸುವ ಯಾವುದೋ ಮದ್ದು ಎರಡು ಹನಿ. ಮೇಲೆ ಉದ್ದನೆ ಕೊಳವೆ, ಅದಕ್ಕೆ ಬ್ಯೂರೆಟ್ ಅಂತ ಹೆಸರು, ಅದರಲ್ಲಿ ಕಾಸ್ಟಿಕ್ ಸೋಡಾ ನೀರು, ತುದಿಗೆ ಪುಟ್ಟ ನಲ್ಲಿ. ಹನಿಹನಿಯಾಗಿ ಬಿಟ್ಟು ಬುಡ್ಡಿ ಅಲ್ಲಾಡಿಸಿದರು. ಎಷ್ಟೋ ಹೊತ್ತಿಗೆ ಒಂದಿಷ್ಟು ತಿಳಿಗುಲಾಬಿ ಬಂತು. ತಟ್ಟನೆ ನಲ್ಲಿ ಮುಚ್ಚಿದರು.

"ಇಲ್ಲಿಗೆ ನಿಲ್ಲಿಸ್ಬೇಕು."

"ಇದು ಬಣ್ಣಾನೇನ್ರಿ? ಈ ಬಣ್ಣದ ಲಡಿ ತಗೊಂಡು ಹೋದ್ರೆ ಮಗ್ಗದೋರು ಅದ್ರಲ್ಲೇ ನಮ್ಮನ್ನ ಕಟ್ಟಿಹಾಕ್ತಾರೆ" ಅಂದವನೇ ನಲ್ಲಿ ಪೂರ್ತಿ ತಿರುಗಿಸಿದೆ. ಬುಡ್ಡಿಯಲ್ಲಿ ಕಡುಗುಲಾಬಿ, ಅಪ್ಪಟ ರಾಣಿ ಬಣ್ಣ ಎದ್ದಿತು. "ನೋಡ್ರಿ! ಬಣ್ಣ ಏರೋದು ಅಂದ್ರೆ ಇದು!"

ಹುಡುಗರು ಚಪ್ಪಾಳೆ ತಟ್ಟಿದರು. ಅಕ್ಕ ಹೆಮ್ಮೆಯಿಂದ ತಲೆಯಾಡಿಸಿದಳು. ಮೇಷ್ಟ್ರು ಹಣೆ ಹಿಡಿದುಕೊಂಡರು.

"ನಿಮ್ಮನೇಲಿ ಎಲ್ರೂ ಹಿಂಗೇನಾ? ನಮಗೆ ಬಣ್ಣ ಬೇಕಾಗಿಲ್ಲ ಮಾರಾಯ್ರೆ. ಆಸಿಡ್ ಎಲ್ಲ ತೀರಿದ ಮೇಲೆ ಸೋಡಾ ಒಂದು ಹನಿ ಹೆಚ್ಚಾಯ್ತು ಅಂತ ಹೇಳೋಕಷ್ಟೇ ಅದು ಬರೋದು."

"ಬಣ್ಣ ಬೇಡ್ದಿದ್ರೆ ಮತ್ತೆ ಯಾಕೆ ಬರಿಸ್ತೀರಿ?" ಅಂತ ನಾನೂ ಬಿಡಲಿಲ್ಲ. ಅಟೆಂಡರ್ ತೋಳು ಹಿಡಿದು ಹೊರಗೆ ಬಿಟ್ಟ.

ಸಂಜೆ ಬಸ್ಸು ನಮ್ಮೂರಿನ ಕಡೆಗೆ ತಿರುಗುವವರೆಗೂ ಕುದಿಯುತ್ತಿದ್ದೆ. ಹೆಚ್ಚಾದ ಒಂದು ಹನಿ. ಬೇಡದ ಬಣ್ಣ. ಆಗ ಹೊಳೆಯಿತು.

"ಅಕ್ಕ, ಬಿಳಿ ಲಡಿ ಒಣಗೋಕೆ ಹಾಕಿದ್ದೀಯ ಅನ್ಕೋ. ನಾನು ಪಕ್ಕದಾಗೆ ರಾಣಿ ಬಣ್ಣದ ಲಡಿ ಹಿಂಡ್ತಿದ್ದೀನಿ. ಒಂದು ಹನಿ ಸಿಡೀತು. ಎಷ್ಟು ಬಿದ್ಮೇಲೆ ನನ್ನ ಬೈತೀಯಾ?"

"ಎಷ್ಟು ಬಿದ್ಮೇಲೆ ಏನೋ? ಸಾಸಿವೆಯಷ್ಟು ಕಂಡ್ರೆ ಸಾಕು, ನಿನ್ನ ಚರ್ಮ ಸುಲೀತೀನಿ!"

"ಸೋಮವಾರ ಅಲ್ಲೇ ನಿಲ್ಸು. ಆ ಬುಡ್ಡಿ ಬಿಳಿ ಲಡಿ."

ಅವಳು ಸೆರಗಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ, "ಹಂಗಾದ್ರೆ ಅದು ಬಣ್ಣ ಅಲ್ಲ, ಕಲೆ" ಅಂದಳು.

ಸೋಮವಾರ ಲ್ಯಾಬಿನ ಕಿಟಕಿಗೆ ಮುಖ ಒತ್ತಿ ನಿಂತೆ. ಹೊರ ಊರಿಂದ ಬಂದ ದಪ್ಪ ಕನ್ನಡಕದ ಪರೀಕ್ಷಕರು ಒಳಗೆ ಅಡ್ಡಾಡುತ್ತಿದ್ದರು. ಅಕ್ಕ ಹನಿ ಬಿಡುತ್ತಾ ಬುಡ್ಡಿ ತಿರುವುತ್ತಿದ್ದಳು, ಕಣ್ಣು ಮಿಟುಕಿಸಲಿಲ್ಲ. ಇದ್ದಕ್ಕಿದ್ದಂತೆ ಇಡೀ ಕಾಲೇಜು ನಡುಗುವಂತೆ ಕಿರುಚಿದಳು.

"ಅಯ್ಯಯ್ಯೋ, ಕಲೆ ಬಿತ್ತು!"

ಆಸಿಡ್ ಮೈಮೇಲೆ ಬಿತ್ತೆಂದು ಪರೀಕ್ಷಕರು ನೀರಿನ ಜಗ್ ಹಿಡಿದು ಓಡಿ ಬಂದರು. ನೋಡಿದರೆ ನಲ್ಲಿ ಮುಚ್ಚಿದೆ, ಬುಡ್ಡಿಯಲ್ಲಿ ತಿಳಿಗುಲಾಬಿ.

"ಸರಿಯಾಗೇ ನಿಲ್ಲಿಸಿದ್ದೀರಲ್ಲಮ್ಮ, ಕೂಗಿದ್ದು ಯಾಕೆ?"

"ಬಿಳೀದು ಕೆಟ್ರೆ ಹೊಟ್ಟೆ ಉರಿಯಲ್ವಾ ಸಾರ್?"

ಎಷ್ಟು ಸೋಡಾ ಹಿಡಿಯಿತು ಅನ್ನುವ ಲೆಕ್ಕ ಪ್ರತಿ ಸಲವೂ ಒಂದೇ ಬರಬೇಕಂತೆ, ಮೂರು ಸಲ ಮಾಡಬೇಕು. ಎರಡನೇ ಸಲವೂ ಕಿರುಚಿದಳು. ಮೂರನೆಯ ಕೂಗಿಗೆ ಪಕ್ಕದ ಮೇಜಿನ ಹುಡುಗರೂ ಬೆಚ್ಚಿ ತಮ್ಮ ನಲ್ಲಿ ಮುಚ್ಚಿದರು. ಅವರಲ್ಲಿ ಇಬ್ಬರದು ಸರಿಯಾಗಿತ್ತು ಎಂದು ಆಮೇಲೆ ಗೊತ್ತಾಯಿತು.

ಪರೀಕ್ಷಕರು ಅವಳ ಮೂರು ಲೆಕ್ಕ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮಹಾಂತೇಶ ಸರ್ ಕಡೆ ತಿರುಗಿ ಏನೋ ಕೇಳಿದರು, ಅವರು ಕೈಮುಗಿದರು. ಪರೀಕ್ಷಕರು ಅಂಕ ಬರೆದು ಪೆನ್ನು ಮುಚ್ಚಿದರು.

"ಪಾಸಮ್ಮ. ಮುಂದಿನ ಸೆಮಿಸ್ಟರ್‌ಗೂ ನಾನೇ ಬರ್ತೀನಿ. ಸ್ವಲ್ಪ ಮೆತ್ತಗೆ ಕೂಗಿ."