ಚಾಕಲೇಟ್ ಹೂವು, ಗೊಬ್ಬರದ ಬಾಲ್ದಿ

ಕಳೆದ ಮಳೆಗಾಲದಲ್ಲಿ ಬಂದ ಜ್ವರ ಹೋಗುವಾಗ ನನ್ನ ಮೂಗಿನ ಶಕ್ತಿಯನ್ನೂ ಕೊಂಡುಹೋಯಿತು. ಯಾರಿಗೂ ಹೇಳಿರಲಿಲ್ಲ. ಬನ್ನಂಜೆಯ ಮನೆಯ ಸಿಟ್‌ಔಟ್‌ನಲ್ಲಿ ನನ್ನದೊಂದು ಆರ್ಕಿಡ್ ಇದೆ. ಕಂದು ಬಣ್ಣದ ಪುಟ್ಟ ಹೂಗಳು; ಬಿಸಿಲೇರಿದರೆ ಥೇಟ್ ಚಾಕಲೇಟಿನ ಪರಿಮಳ. ಈ ಸಲ ಅದು ಅರಳಿದಾಗ ಹೂವಿಗೇ ಮೂಗು ಒತ್ತಿ ನಿಂತೆ. ನಥಿಂಗ್. ಗೋಡೆಯನ್ನು ಮೂಸಿದ ಹಾಗೆ.

ನಾವು ಮೂವರು ಆರ್ಕಿಡ್ ಹುಚ್ಚಿನವರು ಆಗಾಗ ನರ್ಸರಿ ಸುತ್ತಲು ಹೋಗುತ್ತೇವೆ. ಕಾರು ಮಣಿಪಾಲದ ಗೆಳತಿಯದು, ರಿಟೈರ್ಡ್ ಲೆಕ್ಚರರ್. ಹಿಂದಿನ ಸೀಟಿನಲ್ಲಿ ಅಲೆವೂರಿನ ಅಕ್ಕ, ಮಡಿಲಲ್ಲಿ ಬುತ್ತಿ. ಎಲ್ಲಿ ಹೋದರೂ ಹೂವನ್ನು ಮೊದಲು ಮೂಸಿ ತೀರ್ಪು ಕೊಡುವವಳು ನಾನು.

ಮೊನ್ನೆ ಕಾರ್ಕಳದ ನರ್ಸರಿಯಲ್ಲಿ ಅಕ್ಕ ಒಂದು ಕುಂಡವನ್ನು ನನ್ನ ಮುಖದ ಹತ್ತಿರ ಹಿಡಿದರು. "ನಿನ್ನ ಚಾಕಲೇಟಿನ ಜಾತಿಯೇ ಅಲ್ವಾ? ಪರಿಮಳ ಹೇಗುಂಟು?"

ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮ್ಯಾನರ್ಸ್, ಏನು ಮಾಡಲಿ! "ಲವ್ಲಿ. ನನ್ನದಕ್ಕಿಂತ ಸ್ಟ್ರಾಂಗ್," ಎಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. "ಇದಕ್ಕೆ ಪರಿಮಳವೇ ಇಲ್ಲ ಮಾರಾಯ್ತಿ," ಎಂದಳು ಗೆಳತಿ ಮೆಲ್ಲಗೆ. "ಎಷ್ಟು ಸಮಯ ಆಯ್ತು ನಿನಗೆ ಹೀಗೆ?"

"ಬೆಳಿಗ್ಗೆ ಇವಳನ್ನು ಕರೆಯಲಿಕ್ಕೆ ಮನೆಗೆ ಹೋದಾಗಲೇ ನನಗೆ ಡೌಟ್ ಬಂದಿತ್ತು," ಅಕ್ಕ ಅಂದರು. "ಒಲೆಯಲ್ಲಿ ಹಾಲು ಸೀದು ಹೋಗ್ತಾ ಉಂಟು, ಇವಳು ಆರಾಮಾಗಿ ಪೌಡರ್ ಹಚ್ತಾ ಇದ್ದಾಳೆ!"

ಕಾರು ಬೆಳ್ಮಣ್ ದಾಟುವವರೆಗೂ ನನಗೆ ಟ್ರೀಟ್‌ಮೆಂಟ್. ಅಕ್ಕ ತಮ್ಮ ಮುಡಿಯ ಮಲ್ಲಿಗೆ ತೆಗೆದು ಹಿಡಿದರು, ಉಪ್ಪಿನಕಾಯಿಯ ಡಬ್ಬಿ ತೆರೆದು ಹಿಡಿದರು. "ಬಂತಾ? ಈಗ?"

"ಇಲ್ಲ ಅಕ್ಕ. ನನ್ನ ಗಿಡಗಳನ್ನು ನೀವಿಬ್ಬರೇ ಹಂಚಿಕೊಳ್ಳಿ. ಬರೇ ನೋಡಲಿಕ್ಕಾದರೆ ನನಗೆ ಪ್ಲಾಸ್ಟಿಕ್ ಹೂ ಸಾಕು. ಮುಂದಿನ ಸಲ ನಾನು ಬರುವುದಿಲ್ಲ."

"ಬಾಯಿ ಮುಚ್ಚಿ ಕೂತ್ಕೋ," ಎಂದರು ಅಕ್ಕ. ಆದರೆ ಅವರ ಸ್ವರ ಇಳಿದಿತ್ತು.

ಕಾಪುವಿನಲ್ಲಿ ನಾವು ಹೋದದ್ದು ದುಬೈ ಬಿಟ್ಟು ಬಂದು ಗ್ರೀನ್‌ಹೌಸ್ ಮಾಡಿದವರೊಬ್ಬರ ಮನೆಗೆ. ಸಾಲಾಗಿ ತೂಗುವ ವಾಂಡಾ ಆರ್ಕಿಡ್‌ಗಳು, ಗಾಳಿಯಲ್ಲಿ ಜೋಲುವ ಬೇರುಗಳು. "ಈ ಬೆಳವಣಿಗೆಗೆ ಎಂತ ಹಾಕ್ತೀರಿ?" ಎಂದು ಗೆಳತಿ ಕೇಳಿದ್ದೇ ತಡ, ಅವರು ಮೂಲೆಯಲ್ಲಿದ್ದ ಬಾಲ್ದಿಯ ಮುಚ್ಚಳ ತೆಗೆದರು. ಗೆಳತಿ ಓಡಿದಳು. ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಾಚೆ ನಿಂತರು.

ನಾನು ನಿಂತಲ್ಲೇ ನಿಂತೆ. ಮೂಗಿನೊಳಗೆ ಎಲ್ಲೋ ದೂರದಲ್ಲಿ ಏನೋ ಅಲುಗಿತು. ಬಾಲ್ದಿಯ ಮೇಲೆ ಬಾಗಿ ಉಸಿರೆಳೆದೆ.

"ಹತ್ತಿರ ಬೇಡ ಅಮ್ಮ, ನಾರ್ತದೆ!" ಎಂದರು ಆ ಮನೆಯ ಯಜಮಾನರು.

"ಹೌದು! ನಾರ್ತದೆ!" ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಬಾಗಿಲಾಚೆಯಿಂದ ಅಕ್ಕ ಕೂಗಿದರು: "ಎಂತದ್ದು ಹೇಳು ನೋಡುವ! ಹೊಗಳಲಿಕ್ಕಿಲ್ಲ!"

"ಮೀನು ಅಕ್ಕ! ಕೊಳೆತ ಬೂತಾಯಿ ಮೀನು! ಸ್ವಲ್ಪ ಬೆಲ್ಲವೂ ಉಂಟು!"

ಯಜಮಾನರು ಬೆರಗಾಗಿ ತಲೆಯಾಡಿಸಿದರು. ಮೀನಿನ ತಲೆ, ಬೆಲ್ಲ ಕೊಳೆಸಿ ಮಾಡಿದ ಗೊಬ್ಬರವೇ ಅದು. ಅಕ್ಕ ಸೆರಗು ಬಿಟ್ಟು ಒಳಗೆ ಬಂದು, ಆ ನಾತದ ನಡುವೆಯೇ ನನ್ನ ಕೈ ಹಿಡಿದುಕೊಂಡರು.

ಚಾಕಲೇಟಿನ ಪರಿಮಳ ಇನ್ನೂ ಬಂದಿಲ್ಲ. ಅಂದು ಒಂದು ಬಾಟಲಿ ಗೊಬ್ಬರ ಕೊಂಡೆ. ಗೆಳತಿ ಬೈಯುತ್ತಲೇ ಕಾರಿನ ಕಿಟಕಿಗಳನ್ನೆಲ್ಲ ಇಳಿಸಿದಳು. ಉಡುಪಿ ಮುಟ್ಟುವವರೆಗೆ ನಾನು ಬಾಟಲಿಯ ಮುಚ್ಚಳವನ್ನು ಒಂದಿಷ್ಟು ಸಡಿಲವೇ ಬಿಟ್ಟಿದ್ದೆ.