ಮಡಿಸಿದ ತೋಳಿನ ಕವಚ

ಹೈಬತುಲ್ಲಾನಷ್ಟು ಸಾಧು ಮನುಷ್ಯ ಇಸ್ಫಹಾನಿನ ಹತ್ತಿರದ ನಮ್ಮ ಖನ್ಸಾರ್ ಊರಲ್ಲಿ ಇನ್ನೊಬ್ಬನಿಲ್ಲ. ಆದರೂ ಮೊಹರಂ ಬಂತೆಂದರೆ ಊರೆಲ್ಲ ಅವನಿಗೇ ಶಾಪ ಹಾಕುತ್ತದೆ. ಕರ್ಬಲಾ ಯುದ್ಧದ ಬಯಲಾಟದಲ್ಲಿ ಅವನದು ಶಿಮ್ರ್‌ನ ಪಾತ್ರ, ಇಮಾಮರ ಕೊರಳು ಕೊಯ್ದವನದು. ಹಾಡುವ ಕಂಠ ಇದ್ದವರಿಗೆ ಹಸಿರು ಬಟ್ಟೆ, ಇಮಾಮರ ಕಡೆಯ ಪಾತ್ರ. ಗಂಟಲು ಒರಟಾಗಿದ್ದರೆ ಕೆಂಪು ಬಟ್ಟೆ, ಕೊಲೆಗಾರರ ಕಡೆ. ಇವನ ಗಂಟಲು ಗರಗಸ. ನಾನು ಅದೇ ಮೇಳದಲ್ಲಿ ತುತ್ತೂರಿ ಊದುವವನು. ಮುದುಕಿಯೊಬ್ಬಳು ಇವನ ಮೇಲೆ ಚಪ್ಪಲಿ ಎಸೆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕತ್ತಿ ಎತ್ತುವ ಮೊದಲು ಇವನೂ ಅಳುತ್ತಾ "ಈ ಪಾಪಿ ಕೈ ಸೇದಿಹೋಗಲಿ" ಎಂದು ತನ್ನ ಪಾತ್ರವನ್ನು ತಾನೇ ಶಪಿಸುತ್ತಿದ್ದ. ಹಾಗೆ ಶಪಿಸದೆ ಆ ಪಾತ್ರ ಆಡುವ ಪದ್ಧತಿ ನಮ್ಮಲ್ಲಿಲ್ಲ.

ಅವನ ಮಗಳು ಪರಸ್ತೂ. ಇಸ್ಫಹಾನಿನ ಒಂದು ಕಂಪನಿಯ ಮೊಬೈಲ್ ಆಟಗಳಿಗೆ ಯೋಧರ ಚಿತ್ರ ಬರೆಯುತ್ತಾಳೆ. ಹಾರುವ ಹಾವು, ಮಾತಾಡುವ ಬೆಟ್ಟ, ಎಲ್ಲ ಸುಳ್ಳು ಲೋಕ. ಕವಚ ಮಾತ್ರ ಸುಳ್ಳಾಗಬಾರದು ಎಂಬ ಹಟ ಅವಳದು. ಯಾರಾದರೂ ಯೋಧನ ಭುಜಕ್ಕೆ ಕೊಂಬಿನಂಥ ಮುಳ್ಳು ಬರೆದರೆ ಉರಿದುಬೀಳುತ್ತಾಳೆ.

"ತಲೆ ತಿರುಗಿಸಿದ್ರೆ ಅವನ ಕಣ್ಣು ಅವನೇ ಚುಚ್ಕೋತಾನೆ ನೋಡಿ ಅಮೂ," ಎಂದು ನನ್ನೊಂದಿಗೆ ಜಗಳಕ್ಕೇ ಬರುತ್ತಾಳೆ, ನಾನೇ ಬರೆದವನ ಹಾಗೆ. ಚಿಕ್ಕಂದಿನಿಂದ ಅವಳಿಗೆ ನಾನು ಅಮೂ, ಚಿಕ್ಕಪ್ಪ.

ಅಪ್ಪ ಮೊಹರಂ ಆಟಕ್ಕೆ ಹಾಕುವ, ಉಕ್ಕಿನ ಬಳೆ ಹೆಣೆದ ಅಂಗಿ ತೊಟ್ಟು, ಮೇಲೆ ರಟ್ಟಿನ ಫಲಕ ಕಟ್ಟಿಕೊಂಡು, ಅಂಗಳದಲ್ಲಿ ಕೂತು ಏಳುತ್ತಾಳೆ. ಚಹಾದ ಲೋಟ ಬಾಯಿಗೆ ಎತ್ತಿ ನೋಡುತ್ತಾಳೆ. ಲೋಟ ತುಟಿಗೆ ತಲುಪದಿದ್ದರೆ ಆ ಚಿತ್ರ ಒಲೆಗೆ. ಸೊಂಟಪಟ್ಟಿ ಬಿಗಿದರೆ ಭುಜದ ಭಾರ ಇಳಿಯುತ್ತದೆಂದು ಅವಳಿಗೆ ಮೈಯೇ ಹೇಳಿಕೊಟ್ಟಿದೆ.

ಹೈಬತುಲ್ಲಾನ ಕಣ್ಣು ಮಂಜಾಗತೊಡಗಿತು. ಪೂರ್ತಿ ಹೋಗುತ್ತದೆ, ತಡೆಯಲಾಗದು ಎಂದರು ಡಾಕ್ಟರು. ಅದೇ ಹೊತ್ತಿಗೆ ಹೊಸ ಆಟದ ನಾಯಕನನ್ನು ಬರೆಯುವ ಕೆಲಸ ಪರಸ್ತೂಗೆ ಬಂತು.

"ಬಾಬಾ, ಈ ಸಲ ಒಳ್ಳೆಯವನು ನೀವೇ. ನಿಮ್ಮ ಮುಖ, ನಿಮ್ಮ ಕವಚ. ಕಣ್ಣಿರೋವಾಗ್ಲೇ ತೋರಿಸ್ತೀನಿ."

"ಈ ಮುಖ ನೋಡಿ ಮಕ್ಕಳು ಚಡ್ಡೀಲಿ ಉಚ್ಚೆ ಹುಯ್ಕೋತಾರೆ, ಹೋಗೇ," ಎಂದು ನಕ್ಕ. ಮರುದಿನ ಕ್ಷೌರದಂಗಡಿಯಲ್ಲಿ ಆ ಸುದ್ದಿ ತಿಳಿಯದವರಿರಲಿಲ್ಲ. ತಿಳಿಸಿದವನು ಅವನೇ.

ಚಿತ್ರ ಮುಗಿದಾಗ ಅವಳನ್ನು ಇಸ್ಫಹಾನಿಗೆ ನನ್ನ ಕಾರಿನಲ್ಲಿ ಕರೆದೊಯ್ದೆ. ಕಚೇರಿಯ ಗೋಡೆಯಷ್ಟಗಲದ ಪರದೆಯ ಮೇಲೆ ಹೈಬತುಲ್ಲಾ ನಿಂತಿದ್ದ. ಶಿರಸ್ತ್ರಾಣಕ್ಕೆ ಬಿಳಿ ಗರಿ, ಎದೆಗೆ ಉಕ್ಕಿನ ಫಲಕ, ಹಸಿರು ನಡುಕಟ್ಟು. ಬಳೆಯಂಗಿಯ ತೋಳು ಮೊಣಕೈವರೆಗೆ ಮಡಿಸಿತ್ತು.

ಚಹಾದ ತಟ್ಟೆ ಹಿಡಿದು ಒಳಬಂದ ಹೆಂಗಸು ತಲೆಯೆತ್ತಿ ನೋಡಿದಳು. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅಯ್ಯೋ, ಈ ಪಾಪಿ ಕೈ ಸೇದಿಹೋಗಲಿ! ಶಿಮ್ರ್‌ನ ಯಾಕ್ರಪ್ಪ ಇಲ್ಲಿ ತಂದು ನಿಲ್ಸಿದೀರ?"

ಎಲ್ಲರೂ ಹುಟ್ಟಿದಂದಿನಿಂದ ಮೊಹರಂ ಆಟ ನೋಡಿದವರೇ. ಕೊಯ್ಯಲು ಹೊರಟವನಂತೆ ತೋಳು ಮಡಿಸಿದ ಕವಚಧಾರಿ ನಮಗೆ ಒಬ್ಬನೇ. ಬಿಳಿ ಗರಿ, ಹಸಿರು ಬಟ್ಟೆ ಯಾರ ಕಣ್ಣಿಗೂ ಬೀಳಲಿಲ್ಲ. ಪರಸ್ತೂಗೆ ಮಾತ್ರ ಅದು ಆವರೆಗೂ ಹೊಳೆದಿರಲಿಲ್ಲ. ಆ ತೋಳಲ್ಲೇ ಅಪ್ಪ ಅವಳನ್ನು ಎತ್ತಿ ಆಡಿಸಿದ್ದ. ಅದು ಅಪ್ಪನ ತೋಳು, ಅಷ್ಟೆ.

"ತೋಳು ಬಿಚ್ಚಿ ಬರೀತೀನಿ, ಒಂದು ದಿನ ಕೊಡಿ," ಎಂದಳು.

ಕಂಪನಿಯ ಯಜಮಾನ ಕೂಷ್ಯಾರ್ ಪರದೆಯಿಂದ ಕಣ್ಣು ಕೀಳಲಿಲ್ಲ. "ಮುಟ್ಬೇಡಮ್ಮ. ಹಸಿರು ತೆಗೆದು ಕೆಂಪು ಹಾಕು, ಸಾಕು. ಇಂಥ ಖಳ ಹುಡುಕಿದ್ರೂ ಸಿಗಲ್ಲ."

"ಅವರು ನಮ್ಮಪ್ಪ, ಸಾರ್."

"ಹಾಗಾದ್ರೆ ಅವರಿಗೂ ಹೇಳು, ಬಹಳ ಚೆನ್ನಾಗಿ ಬಂದಿದಾರೆ ಅಂತ."

ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ; ಅವಳ ಕೆಲಸ ಹೋಗುತ್ತಿತ್ತು. ದಾರಿಯಲ್ಲಿ ಅವಳು ಒಂದೇ ಮಾತು ಆಡಿದಳು: "ಬಾಬಾಗೆ ಹೇಳ್ಬೇಡಿ ಅಮೂ." ಬಾಗಿಲಲ್ಲೇ ಕಾದಿದ್ದ ಹೈಬತುಲ್ಲಾ "ಒಪ್ಪಿದ್ರಾ?" ಎಂದು ಕೇಳಿದ. "ಕುಣಿದಾಡಿಬಿಟ್ರು," ಎಂದಳು.

ಆಟ ಹೊರಬಂದಿತು. ಇನ್ನೂ ಬಂದಿಲ್ಲ ಎಂದು ಅವಳು ಅಪ್ಪನಿಗೆ ಹೇಳುತ್ತಲೇ ಇದ್ದಳು; ಅವನ ಕಣ್ಣು ಪೂರ್ತಿ ಹೋಗಲೆಂದು ಕಾಯುತ್ತಿದ್ದಳೇನೋ, ನಾನು ಕೇಳಲಿಲ್ಲ. ಕೊನೆಗೆ ಕ್ಷೌರದಂಗಡಿಯ ಬಾಯಿಬಡುಕನೊಬ್ಬ "ಫೋನಲ್ಲಿ ನಿನ್ನನ್ನ ದಿನಾ ಕೊಲ್ತಿದೀವಯ್ಯಾ" ಎಂದು ಹಲ್ಲುಕಿರಿದ. ಹೈಬತುಲ್ಲಾ ಗೋಡೆ ತಡವುತ್ತಾ ಮನೆಗೆ ಬಂದ.

"ತೋರಿಸು ಮಗಳೇ."

ಫೋನನ್ನು ಮೂಗಿಗೆ ತಾಗಿಸಿಕೊಂಡು ಬಹಳ ಹೊತ್ತು ನೋಡಿದ. ಕೆಂಪು ಬಟ್ಟೆ, ಮಡಿಸಿದ ತೋಳು.

"ಸೊಂಟಪಟ್ಟಿ ಸರಿಯಾಗಿ ಬಿಗಿದಿದೀಯ," ಎಂದ. "ಭುಜ ನೋಯಲ್ಲ ಇವನಿಗೆ."

"ಬಾಬಾ, ನಾನು..."

"ಯಾವುದನ್ನ ಒತ್ತಿದ್ರೆ ಸಾಯ್ತಾನೆ?"

ಅವಳು ಅಳುತ್ತಾ ತೋರಿಸಿದಳು. ಅವನು ಹೆಬ್ಬೆರಳನ್ನು ಅಲ್ಲಿಗೆ ತಂದು, ಒತ್ತುವ ಮೊದಲು, ಆಯುಷ್ಯವಿಡೀ ಮಾಡಿದ ಅಭ್ಯಾಸದಂತೆ ಮೆಲ್ಲಗೆ ಅಂದ: "ಈ ಪಾಪಿ ಕೈ ಸೇದಿಹೋಗಲಿ."

ಪರಸ್ತೂ ಚಿತ್ರ ಬರೆಯುವ ತನ್ನ ಬಲಗೈಯನ್ನು ತಲೆಯಿಂದ ಹೊದ್ದ ಚಾದರದೊಳಕ್ಕೆ ಎಳೆದುಕೊಂಡಳು.